ತೊಟ್ಟಿಲು ತೇಲಿಬಂದ ಊರು

ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದ ಪೂರ್ವಕ್ಕೆ, ಲೆಕ್ ಮತ್ತು ನೋರ್ಡ್ ಎಂಬ ಎರಡು ನದಿಗಳು ಕೂಡುವಲ್ಲಿ ಕಿಂಡರ್‌ಡೈಕ್ ಎಂಬ ಪುಟ್ಟ ಗ್ರಾಮವಿದೆ. ಡಚ್ ಭಾಷೆಯಲ್ಲಿ ಈ ಹೆಸರಿಗೆ ಮಕ್ಕಳ ಒಡ್ಡು ಎಂದು ಅರ್ಥ. ಇದರ ಹಿಂದೆ ಒಂದು ಐತಿಹ್ಯವಿದೆ. ೧೪೨೧ರ ನವೆಂಬರ್ ೧೮ರ ರಾತ್ರಿ ಬಿರುಗಾಳಿಯೊಡನೆ ಮಹಾಪ್ರವಾಹ ಬಂದು ದಕ್ಷಿಣದ ವಿಶಾಲ ಪ್ರದೇಶವೊಂದು ನೀರುಪಾಲಾಯಿತು. ನೀರು ಶಾಂತವಾದ ಮೇಲೆ ಒಡ್ಡಿನ ಮೇಲೆ ನಿಂತ ಜನರಿಗೆ ಮರದ ತೊಟ್ಟಿಲೊಂದು ತೇಲಿಬರುವುದು ಕಂಡಿತಂತೆ. ತೊಟ್ಟಿಲು ಮಗುಚದಂತೆ ಬೆಕ್ಕೊಂದು ಆ ಪಕ್ಕದಿಂದ ಈ ಪಕ್ಕಕ್ಕೆ ನೆಗೆಯುತ್ತಿತ್ತು. ಒಳಗೆ ಹಸುಗೂಸು ಸುಖವಾಗಿ ಮಲಗಿತ್ತು! ಪ್ರವಾಹ ಚರಿತ್ರೆಯ ಸತ್ಯ, ತೊಟ್ಟಿಲು ಕೇವಲ ಕಥೆ. ಆದರೂ ಈ ಊರಿನ ಬಾಳು ಎಂತಹುದೆಂಬುದನ್ನು ಆ ಬೆಕ್ಕಿನಷ್ಟು ಚೆನ್ನಾಗಿ ಹೇಳುವ ಮತ್ತೊಂದು ಚಿತ್ರ ನಮಗೆ ತೋರದು.

ಈ ಸೀಮೆಯ ನೆಲ ಗಟ್ಟಿಮಣ್ಣಿನದಲ್ಲ. ಸಾವಿರಾರು ವರ್ಷ ಗಿಡಗಂಟೆಗಳು ನೀರಿನಲ್ಲಿ ಕೊಳೆತು ಆದ ಜವುಗು. ಮಧ್ಯಯುಗದಲ್ಲಿ ಇಲ್ಲಿ ನೆಲೆಸಿದ ರೈತರು ಕಾಲುವೆ ತೋಡಿ ನೀರನ್ನು ಬಸಿದು ಬೇಸಾಯಕ್ಕೆ ತೊಡಗಿದರು. ಇಲ್ಲಿಯೇ ಒಂದು ವಿಪರ್ಯಾಸ. ನೀರು ಬಸಿದಂತೆಲ್ಲ ಆ ನೆಲ ಒಣಗಿ, ಕುಗ್ಗಿ, ಕೆಳಗಿಳಿಯತೊಡಗಿತು. ಇತ್ತ ಒಡ್ಡುಗಳ ನಡುವೆ ಸಿಕ್ಕ ನದಿಯಾದರೋ ಹೂಳು ತುಂಬಿ ಮೇಲೇರುತ್ತಿತ್ತು. ಹೊಲ ಕೆಳಗೆ, ಹೊಳೆ ಮೇಲೆ!

ಒಡ್ಡನ್ನು ಕಾಯುವ ಹೊಣೆಯನ್ನು ಅವರು ಅರಸನೊಬ್ಬನಿಗೇ ಬಿಟ್ಟು ಕುಳಿತಿರಲಿಲ್ಲ. ಜಮೀನಿದ್ದವನು ಒಡ್ಡಿನ ತನ್ನ ಪಾಲನ್ನು ತಾನೇ ದುರಸ್ತಿಯಲ್ಲಿಡಬೇಕು. ಅದಕ್ಕೆ ಶಕ್ತಿ ಸಾಲದವನು ತನ್ನ ಗುದ್ದಲಿಯನ್ನು ಒಡ್ಡಿನಲ್ಲಿ ನೆಟ್ಟು ಹೊರಟುಹೋಗಬೇಕು. ಆ ಗುದ್ದಲಿಯನ್ನು ಕಿತ್ತವನಿಗೆ ಜಮೀನೂ ಸೇರಿತು, ಹೊಣೆಯೂ ಸೇರಿತು. ಕಠಿಣ ನಿಯಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬನ ಪಾಲಿನ ಒಡ್ಡು ಒಡೆದರೆ ಮುಳುಗುವುದು ಅವನೊಬ್ಬನ ಹೊಲವಲ್ಲ, ಇಡೀ ಸೀಮೆ.

ತೂಬು ತೆರೆದು ನೀರು ಬಿಡುವುದಷ್ಟರಿಂದಲೇ ಸಾಗದಂತಾದಾಗ, ೧೭೩೮ ಮತ್ತು ೧೭೪೦ರಲ್ಲಿ ಎಂಟೆಂಟರ ಎರಡು ಸಾಲು ಗಾಳಿಯಂತ್ರಗಳನ್ನು ಇಲ್ಲಿ ಕಟ್ಟಿದರು. ಮೊದಲ ಸಾಲಿನವು ಇಟ್ಟಿಗೆಯ ದುಂಡು ಗೋಪುರಗಳು. ಎರಡನೆಯವು ಹುಲ್ಲು ಹೊದಿಸಿದ ಎಂಟು ಮೂಲೆಯವು. ಇನ್ನು ಮೂರು ಸೇರಿ ಒಟ್ಟು ೧೯. ಇವು ಹಿಟ್ಟು ಬೀಸುವ ಯಂತ್ರಗಳಲ್ಲ. ತಗ್ಗಿನ ಕಾಲುವೆಯ ನೀರನ್ನು ಚಕ್ರದಿಂದ ಮೇಲಿನ ಜಲಾಶಯಕ್ಕೆ ಎತ್ತುತ್ತವೆ. ನದಿ ಇಳಿದಿರುವ ಹೊತ್ತು ನೋಡಿ ಅಲ್ಲಿಂದ ತೂಬಿನ ಮೂಲಕ ನದಿಗೆ ಬಿಡುತ್ತಾರೆ.

ಯಂತ್ರ ನಡೆಸುವವನ ಸಂಸಾರವೆಲ್ಲ ಗೋಪುರದೊಳಗೇ. ಅಡುಗೆ, ಮಕ್ಕಳ ಪಾಲನೆ, ನಿದ್ರೆ ಎಲ್ಲವೂ ತಿರುಗುವ ಹಲ್ಲುಚಕ್ರಗಳ ಸದ್ದಿನ ಕೆಳಗೆ. ಹೊರಗೆ ರೆಕ್ಕೆಗಳು ನೆಲದ ಸಮೀಪಕ್ಕೆ ಬೀಸುತ್ತಿದ್ದುದರಿಂದ ಮಕ್ಕಳನ್ನು ಎಷ್ಟು ಕಣ್ಣಿಟ್ಟು ಕಾಯಬೇಕಾಗಿತ್ತೆಂಬುದನ್ನು ತಾಯಂದಿರೇ ಊಹಿಸಿಕೊಳ್ಳಬಹುದು. ಆ ರೆಕ್ಕೆಗಳಿಗೆ ಭಾಷೆಯೂ ಇತ್ತು. ರೆಕ್ಕೆಯನ್ನು ತೀರ ಕೆಳಗಿನ ಬಿಂದುವಿಗೆ ಬರುವ ಮೊದಲೇ ನಿಲ್ಲಿಸಿದರೆ ಮನೆಯಲ್ಲಿ ಸಂತಸ. ಆ ಬಿಂದುವನ್ನು ದಾಟಿಸಿ ನಿಲ್ಲಿಸಿದರೆ ಸಾವು. ದೂರದ ನೆರೆಯವರು ಅದನ್ನು ಕಂಡೇ ಸುದ್ದಿ ತಿಳಿಯುತ್ತಿದ್ದರು.

೧೮೬೮ರಲ್ಲಿ ಉಗಿಯಂತ್ರ ಬಂದಿತು. ಹಳೆಯವುಗಳ ಕಾಲ ಮುಗಿಯಿತೆಂದು ಅನೇಕರು ಭಾವಿಸಿರಬೇಕು. ಆದರೆ ಎರಡನೆಯ ಮಹಾಯುದ್ಧದಲ್ಲಿ ಇಂಧನ ದೊರೆಯದಾದಾಗ ಊರ ನೀರನ್ನು ಎತ್ತಲು ಮತ್ತೆ ಈ ರೆಕ್ಕೆಗಳೇ ತಿರುಗಬೇಕಾಯಿತು. ೧೯೫೩ರ ಫೆಬ್ರವರಿ ೧ರ ಸಮುದ್ರಪ್ರವಾಹದಲ್ಲಿ ನೆದರ್ಲೆಂಡ್ಸ್‌ನ ೧,೮೩೬ ಜನ ಅಸುನೀಗಿದರು. ಅಂದು ಸಮೀಪದ ಪಾಪೆಂಡ್ರೆಕ್ಟ್‌ನಲ್ಲಿ ಒಡ್ಡು ಒಡೆದು ಈ ಸೀಮೆಗೂ ನೀರು ನುಗ್ಗಿತು. ೧೯೯೭ರಲ್ಲಿ ಯುನೆಸ್ಕೋ ಸಂಸ್ಥೆ ಈ ಗಾಳಿಯಂತ್ರಗಳ ಸಮೂಹವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನೀರೆತ್ತುವ ಮುಖ್ಯ ಕೆಲಸ ಈಗ ದೊಡ್ಡ ಪಂಪ್‌ಹೌಸುಗಳದು. ೧೯೭೨ರಲ್ಲಿ ಕಟ್ಟಿದ ಒಂದರಲ್ಲಿ ಆರ್ಕಿಮಿಡೀಸನ ತತ್ತ್ವದ ಬೃಹತ್ ತಿರುಪುಗಳು ನೀರನ್ನು ಮೇಲಕ್ಕೆ ತಳ್ಳುತ್ತವೆ. ಅವು ನಿಂತರೆ ಹೊಲಗಳು ಮತ್ತೆ ಜವುಗಾಗುತ್ತವೆ. ನಡೆದರೆ ನೆಲ ಇನ್ನಷ್ಟು ಇಳಿಯುತ್ತದೆ. ಹಳೆಯ ಗೋಪುರಗಳಲ್ಲಿ ಇಂದಿಗೂ ಸಂಸಾರಗಳು ವಾಸಿಸುತ್ತಿದ್ದು, ಗಾಳಿ ಬಂದಾಗ ರೆಕ್ಕೆಗಳನ್ನು ತಿರುಗಿಸಿ ಯಂತ್ರಗಳನ್ನು ಸುಸ್ಥಿತಿಯಲ್ಲಿ ಇಟ್ಟಿವೆ.