ಮೊದಲ ಕಾವುಪೆಟ್ಟಿಗೆ ಕೊಳ್ಳುವ ಮುನ್ನ

ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಸಣ್ಣ ವಿದ್ಯುತ್ ಪೆಟ್ಟಿಗೆಗಳು ಇಂದು ಹಳ್ಳಿಯ ಮನೆಗಳನ್ನೂ ತಲುಪಿವೆ. ಕೋಳಿ ಕಾವಿಗೆ ಕೂರುವವರೆಗೆ ಕಾಯಬೇಕಾಗಿಲ್ಲ, ಒಮ್ಮೆಗೇ ನೂರಾರು ಮರಿಗಳನ್ನು ಪಡೆಯಬಹುದು ಎಂಬ ಆಸೆ ಸಹಜವಾದುದೇ. ಯಂತ್ರವನ್ನು ತರಲೇಬಾರದೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಆದರೆ ಮಾರುವವನು ಹೇಳುವ ಲೆಕ್ಕದಿಂದ ಯಂತ್ರವನ್ನು ಆರಿಸದೆ, ನಮ್ಮ ಮನೆಯ ಲೆಕ್ಕದಿಂದ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಆ ಲೆಕ್ಕಗಳು ಎರಡು: ವಾರಕ್ಕೆ ನಮ್ಮಲ್ಲಿ ಸಿಗುವ ಮೊಟ್ಟೆ ಎಷ್ಟು, ಕರೆಂಟು ಹೋದರೆ ಎಷ್ಟು ಹೊತ್ತು ಬರುವುದಿಲ್ಲ.

ಮೊದಲನೆಯದನ್ನು ನೋಡೋಣ. ಮರಿ ಮಾಡಲು ಇಡುವ ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಿರಬಾರದು. ಅದಕ್ಕೂ ಮೀರಿದಂತೆ ಒಡೆಯುವ ಮೊಟ್ಟೆಗಳ ಸಂಖ್ಯೆ ಇಳಿಯುತ್ತ ಹೋಗುತ್ತದೆ. ನಮ್ಮ ಜವಾರಿ ಕೋಳಿ ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆ ಇಡುತ್ತದೆ. ಹತ್ತು ಹೇಟೆ, ಒಂದು ಹುಂಜ ಇರುವ ಮನೆಯಲ್ಲಿ ವರ್ಷಕ್ಕೆ 600 ಮೊಟ್ಟೆ ಎಂದುಕೊಂಡರೂ ವಾರಕ್ಕೆ ಸರಾಸರಿ ಹನ್ನೆರಡನ್ನು ಮೀರುವುದಿಲ್ಲ. ಅಂತಹ ಮನೆಗೆ ನೂರು ಮೊಟ್ಟೆಯ ಪೆಟ್ಟಿಗೆ ಬಂದರೆ ಅದನ್ನು ತುಂಬಿಸುವ ದಾರಿ ಎರಡೇ. ಒಂದು, ತಿಂಗಳುಗಟ್ಟಲೆ ಕೂಡಿಟ್ಟ ಮೊಟ್ಟೆಗಳನ್ನಿಟ್ಟು ನಷ್ಟ ಅನುಭವಿಸುವುದು. ಇನ್ನೊಂದು, ಹೊರಗಿನಿಂದ ಮೊಟ್ಟೆ ಕೊಂಡು ತರುವುದು. ಎರಡನೆಯ ದಾರಿ ಹಿಡಿದಾಗ ಮನೆಯ ತಳಿ ಮೆಲ್ಲನೆ ಹಿಂದೆ ಸರಿಯುತ್ತದೆ. ಯಂತ್ರದ ಹೊಟ್ಟೆ ತುಂಬಿಸುವುದೇ ನಮ್ಮ ಕೆಲಸವಾಗುತ್ತದೆ.

ಆದುದರಿಂದ ಒಂದು ಮನೆಗೆ ಒಂದು ದೊಡ್ಡ ಯಂತ್ರ ಬೇಡ. ನೆರೆಯ ನಾಲ್ಕು ಮನೆಗಳು ಸೇರಿ ಸುಮಾರು ಐವತ್ತು ಮೊಟ್ಟೆಯ ಒಂದು ಪೆಟ್ಟಿಗೆ ಕೊಳ್ಳಲಿ. ಒಂದೇ ವಾರದ ತಾಜಾ ಮೊಟ್ಟೆಗಳಿಂದ ಅದು ತುಂಬುತ್ತದೆ. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ಮನೆಯ ಗುರುತು ಹಾಕಿದರೆ ಯಾರದೆಷ್ಟು ಎಂಬ ಜಗಳವೂ ಇರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕೋಳಿಯ ಕಾಸು ಬಹುಮಟ್ಟಿಗೆ ಹೆಂಗಸರ ಕೈಯ ಕಾಸು. ದುಬಾರಿ ಯಂತ್ರವೊಂದು ಮನೆಯೊಳಗೆ ಬಂದಾಗ ಆ ಕಾಸು ಮೆಲ್ಲನೆ ಗಂಡಸರ ಕೈಗೆ ಜಾರದಿರಬೇಕಾದರೆ, ಪೆಟ್ಟಿಗೆ ಸ್ತ್ರೀಶಕ್ತಿ ಸಂಘದಂತಹ ಗುಂಪಿನ ಹೆಸರಿನಲ್ಲಿರುವುದೇ ಮೇಲು.

ಇನ್ನು ಎರಡನೆಯ ಲೆಕ್ಕ. ಕೋಳಿಮೊಟ್ಟೆಗೆ 21 ದಿನ ಕಾವು ಬೇಕು. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೇಲೆ ಬಿಸಿ, ಕೆಳಗೆ ತಂಪು ಇರುವುದರಿಂದ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇಡಬೇಕಾಗುತ್ತದೆ. ಹೊಸಬರಿಗೆ ಫ್ಯಾನ್ ಇರುವುದೇ ಸುಲಭ. ಕೆಲವು ಗಂಟೆ ತಂಪಾದರೆ ಮರಿಯ ಬೆಳವಣಿಗೆ ನಿಧಾನವಾಗುತ್ತದೆ, ಆದರೆ ಬಹುತೇಕ ಮರಿಗಳು ಬದುಕುತ್ತವೆ. ಕಾವಿಗೆ ಕೂತ ಕೋಳಿಯೂ ದಿನಕ್ಕೊಮ್ಮೆ ಎದ್ದು ಮೇದು ಬರುತ್ತದಲ್ಲವೇ? ಅತಿ ಶಾಖ ಮಾತ್ರ ಕೊಲ್ಲುತ್ತದೆ. ಆದುದರಿಂದ ಥರ್ಮೋಸ್ಟಾಟ್ ಕೆಟ್ಟರೂ ಶಾಖವನ್ನು ತಡೆಯುವ ಎರಡನೆಯ ರಕ್ಷಣೆ ಇದೆಯೇ ಎಂದು ಅಂಗಡಿಯಲ್ಲಿಯೇ ಕೇಳಬೇಕು.

60 ವ್ಯಾಟಿನ ಪೆಟ್ಟಿಗೆ 21 ದಿನ ಬಿಡದೆ ಉರಿದರೂ ಸುಮಾರು 30 ಯೂನಿಟ್ ವಿದ್ಯುತ್ತನ್ನಷ್ಟೇ ಬಳಸುತ್ತದೆ. ಖರ್ಚಿನ ಭಯ ಅಲ್ಲಿಲ್ಲ. ಭಯವಿರುವುದು ಕರೆಂಟು ಹೋಗುವುದರಲ್ಲಿ. ಅದೇ ಪೆಟ್ಟಿಗೆ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವಂತಿದ್ದರೆ, 40 ಆಂಪಿಯರ್-ಅವರ್ ಬ್ಯಾಟರಿಯ ಅರ್ಧವನ್ನು ಬಳಸಿಯೂ ನಾಲ್ಕು ಗಂಟೆ ನಡೆಯುತ್ತದೆ. ಬ್ಯಾಟರಿಗೆ ಜೋಡಿಸಲಾಗದ ಯಂತ್ರ ಎಷ್ಟೇ ಅಗ್ಗವಾಗಿರಲಿ, ನಮ್ಮ ಊರುಗಳಿಗೆ ಅದು ಸಲ್ಲದು. ಪೆಟ್ಟಿಗೆಯ ಗೋಡೆ ದಪ್ಪವಿದ್ದಷ್ಟೂ ಶಾಖ ನಿಲ್ಲುತ್ತದೆ. ಈಜಿಪ್ಟಿನ ಜನ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ದಪ್ಪ ಮಣ್ಣಿಟ್ಟಿಗೆಯ ಗೂಡುಗಳಲ್ಲಿ ಸಾವಿರಾರು ಮೊಟ್ಟೆಗಳಿಗೆ ಕಾವು ಕೊಟ್ಟು, ಮೊಟ್ಟೆಯನ್ನು ಕಣ್ಣರೆಪ್ಪೆಗೆ ತಾಗಿಸಿ ಶಾಖವನ್ನು ಅಳೆಯುತ್ತಿದ್ದರು. ಅವರಿಗೆ ವಿದ್ಯುತ್ತೇ ಇರಲಿಲ್ಲ.

ಊರು ಬದಲಾದಂತೆ ಯಂತ್ರದ ನಡತೆಯೂ ಬದಲಾಗುತ್ತದೆ. ಚಿಕ್ಕೋಡಿ ತಾಲ್ಲೂಕಿನ ಸದಲಗಾ ಸೀಮೆಯನ್ನು ತೆಗೆದುಕೊಳ್ಳಿ. ನಮ್ಮ ಸಹ್ಯಾದ್ರಿಯಲ್ಲಿ ಹುಟ್ಟುವ ದೂಧಗಂಗೆ ಆ ಕಬ್ಬಿನ ಬಯಲಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗಿನ ಶಾಖ ಪೆಟ್ಟಿಗೆಯ ಶಾಖವನ್ನೇ ಮೀರಬಲ್ಲದು. ಪೆಟ್ಟಿಗೆ ಬಿಸಿ ಮಾಡಬಲ್ಲದೇ ಹೊರತು ತಂಪು ಮಾಡಲಾರದು. ಆ ಒಣಹವೆಯಲ್ಲಿ ನೀರಿನ ತಟ್ಟೆಯೂ ಬೇಗ ಬತ್ತುತ್ತದೆ. ಮಲೆಸೀಮೆಯಲ್ಲಿ ಇದರ ತಿರುವುಮುರುವು: ಮಳೆಗಾಲದ ಗಾಳಿಯೇ ತೇವದಿಂದ ತುಂಬಿರುವಾಗ ತಟ್ಟೆ ತುಂಬ ನೀರಿಟ್ಟರೆ ಮರಿ ಮೊಟ್ಟೆಯೊಳಗೇ ಉಸಿರುಗಟ್ಟಬಹುದು. ತೇವಾಂಶ ಮೊದಲ ಹದಿನೆಂಟು ದಿನ ಶೇಕಡ 50ರ ಆಸುಪಾಸಿನಲ್ಲಿಯೂ, ಕೊನೆಯ ಮೂರು ದಿನ ಶೇಕಡ 65ರಿಂದ 70ರಷ್ಟೂ ಇರಬೇಕು. ಹಾಗಾಗಿ ತೇವಮಾಪಕವಿಲ್ಲದ ಪೆಟ್ಟಿಗೆ ಬೇಡ.

ಕಾಲವನ್ನೂ ಅರಿಯಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಲ್ಲಿ ಘಟ್ಟದ ಮಳೆ ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಊರುಗಳಿಗೆ ನೆರೆಯಾಗಿ ನುಗ್ಗಿತು. ಅದೇ ದಿನಗಳಲ್ಲಿಯೇ ಘಟ್ಟದ ಮೇಲೆ ಮರ ಬಿದ್ದು ತಂತಿ ಹರಿಯುವುದು. ಆಷಾಢ, ಶ್ರಾವಣಗಳಲ್ಲಿ ಪೆಟ್ಟಿಗೆ ಖಾಲಿಯಿರಲಿ. ದೀಪಾವಳಿಯ ನಂತರದಿಂದ ಶಿವರಾತ್ರಿಯವರೆಗಿನ ಕಾಲ ಎರಡೂ ಕಡೆಗೆ ಒಳ್ಳೆಯದು.

ಕೊಂಡ ಯಂತ್ರವನ್ನು ಮೊಟ್ಟೆಯಿಡದೆ ಎರಡು ದಿನ ನಡೆಸಿ ನೋಡುವುದು ಅಗತ್ಯ. ಅದರ ಪರದೆಯ ಅಂಕಿಯನ್ನಷ್ಟೇ ನಂಬಬಾರದು. ಜ್ವರ ನೋಡುವ ಪಾದರಸದ ಥರ್ಮಾಮೀಟರನ್ನು ಮೊಟ್ಟೆಯ ಮಟ್ಟದಲ್ಲಿ ಇಟ್ಟರೆ ಶಾಖ ಎಲ್ಲಿಯವರೆಗೆ ಏರಿತ್ತೆಂಬುದು ತಿಳಿಯುತ್ತದೆ. ಮೊಟ್ಟೆಯನ್ನು ತಾನಾಗಿ ಹೊರಳಿಸುವ ವ್ಯವಸ್ಥೆ ಇದ್ದರೆ ಅನುಕೂಲ. ಇಲ್ಲದಿದ್ದರೆ ದಿನಕ್ಕೆ ಮೂರೋ ಐದೋ ಬಾರಿ ಕೈಯಿಂದ ಹೊರಳಿಸಬೇಕು. ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಬೇಕು. ಏಳನೆಯ ದಿನ ಕತ್ತಲಲ್ಲಿ ಬ್ಯಾಟರಿ ದೀಪ ಹಿಡಿದು ನೋಡಿದರೆ ಜೀವವಿರುವ ಮೊಟ್ಟೆಯಲ್ಲಿ ರಕ್ತನಾಳಗಳ ಜಾಲ ಕಾಣುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಜೀವಶಾಸ್ತ್ರದ ಪಾಠ ಪುಸ್ತಕದಲ್ಲಿಯೂ ಸಿಗಲಾರದು.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದ ಮಾತು ಉಳಿದಿದೆ. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ವನರಾಜ ಮುಂತಾದ ಸುಧಾರಿತ ಕೋಳಿಗಳು ಹೆಚ್ಚು ಮೊಟ್ಟೆ, ಹೆಚ್ಚು ಮಾಂಸ ಕೊಡುತ್ತವೆ. ಆದರೆ ಅವು ಕಾವಿಗೆ ಕೂರುವುದಿಲ್ಲ, ಅವುಗಳ ಮರಿಗಳಲ್ಲಿ ತಾಯಿತಂದೆಯ ಗುಣ ಹಾಗೆಯೇ ಉಳಿಯುವುದೂ ಇಲ್ಲ. ಕಾವಿಗೆ ಕೂರುವ ಗುಣ ಜವಾರಿ ಕೋಳಿಯ ಸ್ವತ್ತು. ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದೆಂಬ ಕಾರಣಕ್ಕೆ ಅದನ್ನು ನೀರಿನಲ್ಲಿ ಮುಳುಗಿಸಿ ಕಾವು ಬಿಡಿಸುವುದು, ಸಂತೆಗೆ ಮಾರಿಬಿಡುವುದು ಯಂತ್ರ ಬಂದ ಮೇಲೆ ಇನ್ನೂ ಹೆಚ್ಚಬಹುದು. ಪ್ರತಿ ಪೀಳಿಗೆಯಲ್ಲಿಯೂ ಕೂರುವ ಕೋಳಿಗಳನ್ನೇ ಕಳೆಯುತ್ತ ಬಂದರೆ, ಒಂದು ದಿನ ಯಂತ್ರವಿಲ್ಲದೆ ಮರಿಯೇ ಇಲ್ಲವೆಂಬ ಸ್ಥಿತಿ ಬರುತ್ತದೆ. ಬೀಜವನ್ನು ಕಳೆದುಕೊಂಡ ರೈತ ಪ್ರತಿ ಹಂಗಾಮಿಗೂ ಅಂಗಡಿಯ ಮುಂದೆ ನಿಲ್ಲುವುದನ್ನು ನಾವು ಕಂಡಿದ್ದೇವೆ. ಕೋಳಿಯ ವಿಷಯದಲ್ಲಿಯೂ ಅದೇ ಆಗಬೇಕೆ?

ಯಂತ್ರವನ್ನೂ ಕೋಳಿಯನ್ನೂ ಜೊತೆಗೂಡಿಸುವ ದಾರಿಯಿದೆ. ಪೆಟ್ಟಿಗೆಗೆ ಮೊಟ್ಟೆ ಇಡುವ ದಿನವೇ ಕಾವಿಗೆ ಕೂತ ಕೋಳಿಯ ಬುಟ್ಟಿಗೂ ಹತ್ತು ಹನ್ನೆರಡು ಮೊಟ್ಟೆ ಇಡಿ. ಎರಡೂ ಕಡೆ ಒಂದೇ ದಿನ ಮರಿ ಒಡೆದಾಗ, ರಾತ್ರಿಯ ಕತ್ತಲಲ್ಲಿ ಪೆಟ್ಟಿಗೆಯ ಕೆಲವು ಮರಿಗಳನ್ನು ಕೋಳಿಯ ರೆಕ್ಕೆಯಡಿಗೆ ಸರಿಸಿದರೆ ಅದು ಸಾಮಾನ್ಯವಾಗಿ ತನ್ನವೆಂದೇ ಸಾಕುತ್ತದೆ. ಇಲ್ಲವಾದರೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟಿನಿಂದ ಆರಂಭಿಸಿ, ವಾರಕ್ಕೆ ಐದರಂತೆ ಇಳಿಸುತ್ತ, ಮತ್ತೆ ಕೆಲವು ವಾರ ಬಲ್ಬಿನ ಶಾಖ ಕೊಡಬೇಕು. ಹದ್ದು ಕಂಡರೆ ಅಡಗುವುದನ್ನು, ಕೆದಕಿ ಮೇಯುವುದನ್ನು ಯಾವ ಬಲ್ಬೂ ಕಲಿಸುವುದಿಲ್ಲ. ಕೊಕ್ಕರೆ ರೋಗದ ಲಸಿಕೆಯನ್ನಂತೂ ಮೊದಲ ವಾರದಲ್ಲಿಯೇ ಹಾಕಿಸಬೇಕು. ಅದು ಯಂತ್ರದ ಮರಿಗೂ ಕೋಳಿಯ ಮರಿಗೂ ಒಂದೇ.

ಆದುದರಿಂದ ಪೆಟ್ಟಿಗೆ ತರಲು ಪೇಟೆಗೆ ಹೋಗುವ ಮುನ್ನ ಒಂದು ವಾರ ಮನೆಯ ಮೊಟ್ಟೆಗಳನ್ನು ಎಣಿಸಿ. ಒಂದು ತಿಂಗಳು ಕರೆಂಟು ಹೋದ ಗಂಟೆಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಆ ಎರಡು ಅಂಕಿಗಳನ್ನು ಹಿಡಿದು ನೆರೆಹೊರೆಯವರೊಡನೆ ಕುಳಿತು ಮಾತನಾಡಿ. ಮತ್ತು ಚೆನ್ನಾಗಿ ಕಾವಿಗೆ ಕೂರುವ ಕೋಳಿಯೊಂದನ್ನಾದರೂ ಪ್ರತಿ ಮನೆಯಲ್ಲಿ ಮಾರದೆ ಉಳಿಸಿಕೊಳ್ಳಿ.