ಮಳೆನೀರು ಕಾಲುವೆಗಳಲ್ಲಿ ಬ್ಯಾಕ್ಟೀರಿಯಾ ಮಾಲಿನ್ಯ: ಉಲ್ಲಾಳ ಪ್ರದೇಶಕ್ಕೆ ಅನ್ವಯಿಸಿ ಒಂದು ವಿಶ್ಲೇಷಣೆ

ಹಿನ್ನೆಲೆ

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿರುವ ಉಲ್ಲಾಳ ಪ್ರದೇಶವು ವೃಷಭಾವತಿ ಕಣಿವೆಗೆ ಸೇರಿರುತ್ತದೆ. ಇಲ್ಲಿನ ಮಳೆನೀರು ಕೆರೆ ಹಾಗೂ ರಾಜಕಾಲುವೆಗಳ ಮೂಲಕ ವೃಷಭಾವತಿಯನ್ನು ಸೇರಿ, ಬೈರಮಂಗಲ ಜಲಾಶಯವನ್ನು ಹಾದು, ಅರ್ಕಾವತಿಯ ಮುಖಾಂತರ ಕಾವೇರಿಯನ್ನು ತಲುಪುತ್ತದೆ. ರಾಜಕಾಲುವೆಗಳು ಮಳೆನೀರಿಗೆ ಮಾತ್ರ ಮೀಸಲು. ಶೌಚಾಲಯ, ಸ್ನಾನಗೃಹ ಮತ್ತು ಅಡುಗೆಮನೆಯ ಕೊಳಚೆ ನೀರು ಒಳಚರಂಡಿಯ ಮೂಲಕ ಶುದ್ಧೀಕರಣ ಘಟಕಕ್ಕೆ ಹೋಗತಕ್ಕದ್ದು.

2007ರಲ್ಲಿ 7 ನಗರಸಭೆ, 1 ಪುರಸಭೆ ಹಾಗೂ 110 ಗ್ರಾಮಗಳು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಬಂದವು. 2024ರ ಅಕ್ಟೋಬರ್‌ನಲ್ಲಿ ಸದರಿ 110 ಗ್ರಾಮಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆಗೊಂಡಿತು. ಬಳಕೆಗೆ ಬರುವ ನೀರು ಹೆಚ್ಚಿದಂತೆ ಹೊರಬೀಳುವ ಕೊಳಚೆಯೂ ಹೆಚ್ಚುತ್ತದೆ. ಅದು ಎಲ್ಲಿಗೆ ಸೇರುತ್ತದೆ ಎಂಬುದೇ ಈಗಿನ ಮುಖ್ಯ ಪ್ರಶ್ನೆ.

ಲೆಕ್ಕಾಚಾರದ ವಿಧಾನ

ಮಳೆಯ ಪ್ರಮಾಣ, ಕಾಲುವೆಯ ಹರಿವು, ಬೆರೆಯುವ ಕೊಳಚೆ ಮತ್ತು ಬ್ಯಾಕ್ಟೀರಿಯಾ ಸಾಯುವ ವೇಗ, ಇವುಗಳನ್ನು ಆಧರಿಸಿ ಮಾಲಿನ್ಯವನ್ನು ಗಣಿತ ಮಾದರಿಯಿಂದ ಅಂದಾಜಿಸಲಾಗುತ್ತದೆ. ಶುದ್ಧೀಕರಿಸದ ಕೊಳಚೆಯ 100 ಮಿ.ಲೀ.ನಲ್ಲಿ ಮಲಜನ್ಯ ಕೋಲಿಫಾರ್ಮ್ ಸಂಖ್ಯೆ ಸಾಮಾನ್ಯವಾಗಿ 10 ಲಕ್ಷದಿಂದ 1 ಕೋಟಿಯವರೆಗೆ ಇರುತ್ತದೆ. ಇಂತಹ 1 ಪಾಲು ಕೊಳಚೆಯು 999 ಪಾಲು ಮಳೆನೀರಿನೊಡನೆ ಬೆರೆತರೂ ಸದರಿ ಸಂಖ್ಯೆ 1,000ದಿಂದ 10,000ದಷ್ಟು ಉಳಿಯುತ್ತದೆ. ಸ್ನಾನಯೋಗ್ಯ ನೀರಿಗೆ ಅಪೇಕ್ಷಣೀಯ ಮಿತಿ 500, ಗರಿಷ್ಠ ಮಿತಿ 2,500. ಆದ್ದರಿಂದ, ಮಳೆ ಬಂದರೆ ಎಲ್ಲವೂ ತೊಳೆದುಹೋಗುತ್ತದೆ ಎಂಬ ಭಾವನೆ ಸರಿಯಲ್ಲ.

ಕರಾವಳಿ ನಗರಗಳಲ್ಲಿ ಕಾಲುವೆಯ ನೀರು ಸಮುದ್ರ ಸೇರಿದಾಗ ಅಲೆ ಹಾಗೂ ಉಬ್ಬರವಿಳಿತಗಳು ಅದನ್ನು ಚದುರಿಸುತ್ತವೆ; ಉಪ್ಪುನೀರಿನಲ್ಲಿ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಒಳನಾಡಿನ ಕೆರೆಗೆ ಈ ಅನುಕೂಲವಿಲ್ಲ. ಕೆರೆಯ ಹೂಳಿನಲ್ಲಿ ಬ್ಯಾಕ್ಟೀರಿಯಾ ದೀರ್ಘಕಾಲ ಉಳಿದು, ಮುಂದಿನ ಮಳೆಗೆ ಮತ್ತೆ ಮೇಲೇಳುತ್ತದೆ.

ಅರ್ಜಿದಾರರ ಗಮನಕ್ಕೆ

ಮೇಲ್ಕಂಡ ಲೆಕ್ಕದಂತೆ, ಕೊಳಚೆಯನ್ನು ಮೂಲದಲ್ಲಿಯೇ ಬೇರ್ಪಡಿಸುವುದು ಪ್ರಮುಖ ಪರಿಹಾರ.

1. ನೀರಿನ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ಕಟ್ಟಡದ ಕೊಳಚೆ ಕೊಳವೆಯು ಒಳಚರಂಡಿಗೇ ಸೇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

2. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಡಬಾರದು. ಇದರಿಂದ ಮ್ಯಾನ್‌ಹೋಲ್ ಉಕ್ಕಿ, ಕೊಳಚೆಯು ಪುನಃ ರಾಜಕಾಲುವೆಗೆ ಹರಿಯುತ್ತದೆ. ಮಳೆನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸುವುದು ಅಥವಾ ಇಂಗುಗುಂಡಿಗೆ ಹರಿಸುವುದು ಸೂಕ್ತ.

3. ಶೌಚಗುಂಡಿಯ ತ್ಯಾಜ್ಯವನ್ನು ಕಾಲುವೆಗೆ ಸುರಿಯುವುದು 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮಕ್ಕೆ ವಿರುದ್ಧವಾದುದು.

4. ಶೌಚಗುಂಡಿ ಅಥವಾ ಕಾಲುವೆಗೆ ಸಮೀಪವಿರುವ ಕೊಳವೆಬಾವಿಯ ನೀರನ್ನು ಪರೀಕ್ಷಿಸಿದ ನಂತರವೇ ಕುಡಿಯಲು ಬಳಸುವುದು ಕ್ಷೇಮಕರ.

ಒಳಚರಂಡಿ ಉಕ್ಕುವಿಕೆಯ ಬಗ್ಗೆ ಸಾರ್ವಜನಿಕರು ಬೆಂಗಳೂರು ಜಲಮಂಡಳಿಯ 1916 ದೂರವಾಣಿ ಸಂಖ್ಯೆಗೆ ದೂರು ನೀಡಬಹುದಾಗಿದೆ.