ಎಲ್ಲರನ್ನೂ ಕರೆಯುವ ಮಾತು ಕನ್ನಡದಲ್ಲೇ ಇದೆ

ಸಭೆಯಲ್ಲಿ ಮಾತನಾಡಲು ಎದ್ದುನಿಂತವರು ಮೊದಲು ಸಭಿಕರನ್ನು ಸಂಬೋಧಿಸುತ್ತಾರೆ. ಪತ್ರ ಬರೆಯುವವರದೂ ಇದೇ ಕ್ರಮ. ಒಂದೆರಡು ಪದಗಳ ಈ ಉಪಚಾರವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಮುಂದಿನ ಮಾತು ಯಾರಿಗಾಗಿ, ಅದಕ್ಕೆ ಉತ್ತರಿಸಬೇಕಾದವರು ಯಾರು ಎಂಬುದು ಅಲ್ಲಿಯೇ ಅರ್ಧ ತೀರ್ಮಾನವಾಗಿರುತ್ತದೆ. ಹೆಣ್ಣು, ಗಂಡು ಇಬ್ಬರೂ ನೆರೆದ ಸಭೆಯಲ್ಲಿ ‘ಸಹೋದರರೇ’ ಎಂಬ ಕರೆ, ತೆರೆದು ಓದುವವರು ಯಾರೆಂದು ತಿಳಿಯದಿದ್ದರೂ ‘ಡಿಯರ್ ಸರ್’ ಎಂಬ ಪತ್ರ, ಬೆಂಗಳೂರಿನ ಕಚೇರಿಗಳಲ್ಲಿ ಇಡೀ ತಂಡಕ್ಕೆ ‘ಹಾಯ್ ಗೈಸ್’, ವಸತಿ ಸಮುಚ್ಚಯದ ವಾಟ್ಸ್‌ಆ್ಯಪ್ ಬಳಗದಲ್ಲಿ ‘ಮಹಾಶಯರೇ’ ಎಂಬ ಸೂಚನೆ. ಇವೆಲ್ಲ ದುರುದ್ದೇಶದ ಮಾತುಗಳಲ್ಲ, ರೂಢಿಯ ಮಾತುಗಳು. ಪ್ರಶ್ನಿಸಬೇಕಾದದ್ದು ಆ ರೂಢಿಯನ್ನೇ.

‘ಸಹೋದರರೇ’ ಎಂದರೆ ಸಹೋದರಿಯರೂ ಸೇರಿದರಲ್ಲವೇ, ಇದರಲ್ಲಿ ತಕರಾರು ಏನಿದೆ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಕಾನೂನೂ ಹೀಗೆಯೇ ಹೇಳುತ್ತದೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣದ ಪ್ರಕಾರ, ವಿಷಯ ಅಥವಾ ಸಂದರ್ಭಕ್ಕೆ ವಿರುದ್ಧವಾಗದ ಹೊರತು, ಪುಲ್ಲಿಂಗವನ್ನು ಸೂಚಿಸುವ ಪದಗಳಲ್ಲಿ ಸ್ತ್ರೀಯರೂ ಸೇರುತ್ತಾರೆ. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯ ರಾಷ್ಟ್ರಪತಿಯವರನ್ನು ಪುಲ್ಲಿಂಗ ಸರ್ವನಾಮದಿಂದಲೇ ಸೂಚಿಸಿದರೂ ಆ ಸ್ಥಾನಕ್ಕೆ 2007ರಲ್ಲಿ ಪ್ರತಿಭಾ ಪಾಟೀಲ್, 2022ರಲ್ಲಿ ದ್ರೌಪದಿ ಮುರ್ಮು ಆಯ್ಕೆಯಾಗಲು ಅಡ್ಡಿಯಾಗಲಿಲ್ಲ.

ಆದರೆ ಈ ‘ಸೇರುತ್ತಾರೆ’ ಎಂಬ ಭರವಸೆ ಅಗತ್ಯ ಬಿದ್ದಾಗ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ನಮ್ಮ ದೇಶದ ಇತಿಹಾಸದಲ್ಲಿಯೇ ಪಾಠವಿದೆ. ಕಾನೂನು ಪದವಿ ಪಡೆದ ರೆಜಿನಾ ಗುಹಾ ವಕೀಲಿ ವೃತ್ತಿ ನಡೆಸಲು ಅನುಮತಿ ಕೋರಿದಾಗ ಅವರ ಅರ್ಜಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಬಂತು. ಪುಲ್ಲಿಂಗದಲ್ಲಿ ಸ್ತ್ರೀಯರೂ ಸೇರುತ್ತಾರೆ ಎಂಬ ನಿಯಮ ಆಗಲೂ ಕಾನೂನಿನಲ್ಲಿತ್ತು. ಆದರೂ ವಕೀಲರ ಕುರಿತ ಶಾಸನಕ್ಕೆ ಅದು ಅನ್ವಯಿಸದೆಂದು 1916ರಲ್ಲಿ ನ್ಯಾಯಪೀಠ ಅರ್ಜಿಯನ್ನು ತಿರಸ್ಕರಿಸಿತು. 1921ರಲ್ಲಿ ಪಟ್ನಾ ಹೈಕೋರ್ಟಿನಲ್ಲಿ ಸುಧಾಂಶುಬಾಲಾ ಹಾಜರಾ ಅವರಿಗೂ ಇದೇ ಅನುಭವವಾಯಿತು. ಸ್ತ್ರೀಯರು ವಕೀಲರಾಗಬಹುದೆಂದು ನೇರವಾಗಿ ಹೇಳುವ ಪ್ರತ್ಯೇಕ ಶಾಸನ 1923ರಲ್ಲಿ ಬಂದ ಬಳಿಕವಷ್ಟೇ ಆ ಬಾಗಿಲು ಪೂರ್ತಿಯಾಗಿ ತೆರೆಯಿತು. ಒಳಗೊಳ್ಳುತ್ತದೆ ಎಂದು ಹೇಳಲಾದ ಪದ, ಒಳಗೊಳ್ಳಬೇಕೋ ಬೇಡವೋ ಎಂಬ ನಿರ್ಧಾರವನ್ನು ಅರ್ಥ ಹೇಳುವವರ ಕೈಗೆ ಬಿಡುತ್ತದೆ. ಸ್ಪಷ್ಟವಾಗಿ ಕರೆದ ಪದಕ್ಕೆ ಯಾರ ಔದಾರ್ಯವೂ ಬೇಕಿಲ್ಲ.

ಇದು ನೂರು ವರ್ಷ ಹಿಂದಿನ ಮಾತು ಎಂದು ಬದಿಗೆ ಸರಿಸುವಂತಿಲ್ಲ. ‘ರೈತ’, ‘ಅನ್ನದಾತ’ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ತಲೆಗೆ ರುಮಾಲು ಸುತ್ತಿದ ಗಂಡಸು. ನಾಟಿ ಮಾಡುವ, ಕಳೆ ಕೀಳುವ, ಬೀಜ ಕಾಪಿಡುವ, ದನಕರು ನೋಡಿಕೊಳ್ಳುವ ಹೆಂಗಸು ಆ ಚಿತ್ರದಲ್ಲಿ ರೈತನ ಹೆಂಡತಿ ಮಾತ್ರ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಮಹಿಳೆಯರ ಪಾಲು ಸುಮಾರು ಶೇ 14 ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲವೂ ಪರಿಹಾರವೂ ದೂರದ ಮಾತು. ಇದಕ್ಕೆ ಭಾಷೆಯೇ ಕಾರಣವೆಂದು ಯಾರೂ ವಾದಿಸುವುದಿಲ್ಲ. ಆದರೆ ಹೊಲದಲ್ಲಿ ದುಡಿಯುವವಳನ್ನು ರೈತಳೆಂದು ಕರೆಯದ ಸಮಾಜಕ್ಕೆ ಆಕೆಯ ಹೆಸರು ಪಹಣಿಯಲ್ಲಿ ಇಲ್ಲದಿರುವುದು ಕೊರತೆಯಾಗಿ ಕಾಣುವುದೇ ಇಲ್ಲ ಎಂಬುದನ್ನು ಅಲ್ಲಗಳೆಯಲಾಗದು.

ಹಾಗಾದರೆ ಕನ್ನಡವನ್ನು ತಿದ್ದಬೇಕೇ? ಬೇಕಿಲ್ಲ. ಈ ವಿಷಯದಲ್ಲಿ ಕನ್ನಡ ಅನೇಕ ಭಾಷೆಗಳಿಗಿಂತ ಉದಾರವಾಗಿದೆ. ಹಿಂದಿಯಲ್ಲಿ ಹೆಂಗಸರೂ ಗಂಡಸರೂ ಕೂಡಿ ಬಂದರೆ ಕ್ರಿಯಾಪದ ಪುಲ್ಲಿಂಗಕ್ಕೆ ತಿರುಗುತ್ತದೆ. ಫ್ರೆಂಚ್ ಭಾಷೆಯಲ್ಲಿ ಮಿಶ್ರ ಗುಂಪಿನ ಸರ್ವನಾಮವೇ ರೂಢಿಯಂತೆ ಪುಲ್ಲಿಂಗ. ಕನ್ನಡದಲ್ಲಿ ‘ಅವನು’, ‘ಅವಳು’ ಏಕವಚನದಲ್ಲಿ ಬೇರೆಯಾದರೂ ಬಹುವಚನದಲ್ಲಿ ಇಬ್ಬರೂ ‘ಅವರು’. ‘ಬಂದನು’, ‘ಬಂದಳು’ ಎರಡೂ ಸೇರಿ ‘ಬಂದರು’. ಒಬ್ಬರೇ ವ್ಯಕ್ತಿಗೆ ಗೌರವ ಸೂಚಿಸುವಾಗಲೂ ಇದೇ ರೂಪ. ಎದುರಿಗಿರುವವರನ್ನು ಕರೆಯುವ ‘ನೀವು’ ಪದಕ್ಕಂತೂ ಲಿಂಗವೇ ಇಲ್ಲ. ಅಂದರೆ ಸಂಬೋಧನೆಯಲ್ಲಿ ನುಸುಳುವ ತಾರತಮ್ಯ ವ್ಯಾಕರಣದಿಂದ ಬಂದುದಲ್ಲ, ನಾವು ಆರಿಸಿಕೊಂಡ ನಾಮಪದದಿಂದ ಬಂದುದು.

ಆ ಆಯ್ಕೆ ಕಷ್ಟದ್ದೇನೂ ಅಲ್ಲ. ‘ಸಭಿಕರೇ’, ‘ನಾಗರಿಕರೇ’, ‘ಬಂಧುಗಳೇ’, ‘ಊರಿನವರೇ’, ‘ಒಡಹುಟ್ಟಿದವರೇ’ ಎನ್ನುವಾಗ ಯಾರೂ ಹೊರಗುಳಿಯುವುದಿಲ್ಲ. ‘ತಂದೆಯ ಅಥವಾ ಗಂಡನ ಹೆಸರು’ ಕೇಳುವ ನಮೂನೆಯಲ್ಲಿ ‘ಪಾಲಕರ ಹೆಸರು’ ಎಂದಿದ್ದರೆ ಮಗುವನ್ನು ಒಬ್ಬಳೇ ಸಾಕುವ ತಾಯಿ ಗುಮಾಸ್ತರ ಮುಂದೆ ವಿವರಣೆ ಕೊಡಬೇಕಾಗುವುದಿಲ್ಲ. ‘ಚೇರ್‌ಮನ್’ ಬದಲು ‘ಅಧ್ಯಕ್ಷರು’ ಎಂದರೆ ಪದ ಕನ್ನಡಕ್ಕೂ ಹತ್ತಿರ, ಆ ಕುರ್ಚಿಯಲ್ಲಿ ಯಾರು ಕುಳಿತರೂ ಸಲ್ಲುತ್ತದೆ. ಎರಡನ್ನೂ ಹೇಳಬೇಕಾದ ಕಡೆ ಹೇಳುವುದರಲ್ಲಿಯೂ ಸಂಕೋಚ ಬೇಡ. 1893ರ ಸೆಪ್ಟೆಂಬರ್ 11ರಂದು ಷಿಕಾಗೋದಲ್ಲಿ ಸ್ವಾಮಿ ವಿವೇಕಾನಂದರು ಅಮೆರಿಕದ ಸಭಿಕರನ್ನು ಸಂಬೋಧಿಸಿದಾಗ ಸಹೋದರಿಯರನ್ನು ಮೊದಲು ಕರೆದಿದ್ದರು. ಕನ್ನಡದಲ್ಲಿ ಅದನ್ನು ಉಲ್ಲೇಖಿಸುವಾಗ ನಾವು ಅನೇಕ ಸಲ ಆ ಕ್ರಮವನ್ನು ತಿರುವು ಮಾಡುತ್ತೇವೆ.

ಬಹುವಚನದ ಈ ಗೌರವ ಹೆಣ್ಣು–ಗಂಡು ಎಂಬ ಎರಡೇ ವರ್ಗಗಳಿಗೆ ನಿಲ್ಲುವುದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರನ್ನು ತೃತೀಯ ಲಿಂಗಿಗಳೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಮಾನ್ಯ ಮಾಡಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನಕ್ಕೆ ಮಂಜಮ್ಮ ಜೋಗತಿ ನೇಮಕವಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ‘ಮಹಿಳೆಯರೇ, ಮಹನೀಯರೇ’ ಎಂಬ ಕರೆಯಲ್ಲಿ ತಮಗೆ ಜಾಗ ಕಾಣದವರಿಗೂ ‘ಸಭಿಕರೇ’ ಎಂಬಲ್ಲಿ ಜಾಗವಿದೆ.

ಇದು ಕೃತಕವೆಂಬ ಆಕ್ಷೇಪವನ್ನೂ ಪರಿಶೀಲಿಸಬೇಕು. ಸಂಪ್ರದಾಯಕ್ಕೆ ಅಂಟಿಕೊಳ್ಳುವುದರಲ್ಲಿ ಹೆಸರಾದ ಎಂಸಿಸಿ 2021ರಲ್ಲಿ ಕ್ರಿಕೆಟ್ ನಿಯಮಗಳಲ್ಲಿದ್ದ ‘ಬ್ಯಾಟ್ಸ್‌ಮನ್’ ಪದವನ್ನು ಕೈಬಿಟ್ಟು ‘ಬ್ಯಾಟರ್’ ಎಂದು ಬದಲಿಸಿತು; ಆಟಕ್ಕೆ ಅದರಿಂದ ಯಾವ ಕುಂದೂ ಬಂದಿಲ್ಲ. ನ್ಯಾಯಾಲಯಗಳ ಭಾಷೆಯಲ್ಲಿ ಬೇರೂರಿದ ಲಿಂಗ ಪೂರ್ವಗ್ರಹಗಳನ್ನು ಗುರುತಿಸಿ, ಪರ್ಯಾಯ ಪದಗಳನ್ನು ಸೂಚಿಸುವ ಕೈಪಿಡಿಯನ್ನು ನಮ್ಮ ಸುಪ್ರೀಂ ಕೋರ್ಟ್ 2023ರಲ್ಲಿ ಹೊರತಂದಿತು. ಅವರೆಲ್ಲ ಪದಗಳನ್ನು ಹುಡುಕಬೇಕಾಯಿತು. ಸಂಬೋಧನೆಯ ಮಟ್ಟಿಗೆ ನಮಗೆ ಆ ಶ್ರಮವೂ ಇಲ್ಲ.

ಪದ ಬದಲಾದ ಮಾತ್ರಕ್ಕೆ ಬದುಕು ಬದಲಾಗದು ಎಂಬುದು ನಿಜ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟದ್ದು 2010ರಲ್ಲಿ. ಆದರೂ ಆಯ್ಕೆಯಾದವಳ ಪರವಾಗಿ ಗಂಡನೇ ಅಧಿಕಾರ ನಡೆಸುವ ಪಿಡುಗು ಪೂರ್ತಿಯಾಗಿ ತೊಲಗಿಲ್ಲ. ಸಂಬೋಧನೆಯನ್ನು ತಿದ್ದಿ ಕುರ್ಚಿಯನ್ನು ಬಿಟ್ಟುಕೊಡದಿದ್ದರೆ ಅದು ಬರೀ ಶಿಷ್ಟಾಚಾರ. ಹಾಗೆಯೇ, ಅಕ್ಕರೆಯಿಂದ ‘ಅಣ್ಣತಮ್ಮಂದಿರೇ’ ಎಂದು ಕರೆಯುವ ಹಳ್ಳಿಯ ಹಿರಿಯರೊಬ್ಬರ ಮಾತನ್ನು ನಡುವೆ ತಡೆದು ತಿದ್ದುವುದೂ ವಿವೇಕವಲ್ಲ. ತಿದ್ದುಪಡಿ ಆರಂಭವಾಗಬೇಕಾದದ್ದು ಅಧಿಕಾರ ಇರುವ ಕಡೆಯಿಂದ: ಸರ್ಕಾರಿ ಸುತ್ತೋಲೆ, ಅರ್ಜಿ ನಮೂನೆ, ಶಾಲೆಯ ಪಠ್ಯ, ಸಂಘ ಸಂಸ್ಥೆಗಳ ಆಹ್ವಾನ ಪತ್ರಿಕೆ, ವೇದಿಕೆಯ ಮೊದಲ ಮಾತು.

ಇದಕ್ಕೆ ಆಯೋಗ ರಚಿಸಬೇಕಿಲ್ಲ, ಅನುದಾನ ಬೇಡ. ಅಚ್ಚಿಗೆ ಹೋಗುವ ಮುನ್ನ, ಮಾತಿಗೆ ತೊಡಗುವ ಮುನ್ನ, ಎದುರಿಗೆ ಯಾರಿದ್ದಾರೆ ಎಂದು ಒಮ್ಮೆ ನೋಡಿದರೆ ಸಾಕು. ಅವರೆಲ್ಲರಿಗೂ ಸಲ್ಲುವ ಪದ ನಮ್ಮ ನುಡಿಯಲ್ಲಿದೆ. ಅದನ್ನು ಬಳಸದಿರಲು ನಮ್ಮ ಬಳಿ ಸಕಾರಣವಿಲ್ಲ.